ಆಟವಿಲ್ಲದ ಹೊತ್ತಿನ ರಂಗಮಂದಿರ

ಆಟವಿಲ್ಲದ ಹೊತ್ತಿನಲ್ಲಿ, ರಂಗದ ಮೇಲೆ ನರಪಿಳ್ಳೆಯೂ ಇಲ್ಲದಿರುವಾಗ, ದುಡ್ಡು ಕೊಟ್ಟು ಟಿಕೆಟ್ ಕೊಂಡು ರಂಗಮಂದಿರವನ್ನು ನೋಡಲು ಹೋಗುವುದು ಮೇಲ್ನೋಟಕ್ಕೆ ವಿಚಿತ್ರವಾದ ಕೆಲಸ. ಪ್ಯಾರಿಸ್ಸಿಗೆ ಬರುವ ಪ್ರವಾಸಿಗರು ಸಾಲುಗಟ್ಟಿ ನಿಂತು ಈ ಕೆಲಸವನ್ನು ಮಾಡುತ್ತಾರೆ. ಪಲೇ ಗಾರ್ನಿಯೇ ಎಂಬ ಹಳೆಯ ಒಪೆರಾ ಭವನದ ಪಕ್ಕದಲ್ಲಿ ನಾನೂ ಹಾಗೆಯೇ ನಿಂತೆ. ಒಳಗೆ ಸ್ವಲ್ಪ ಹೊತ್ತು ಅಡ್ಡಾಡಿದ ಮೇಲೆ, ಆಟವಿಲ್ಲದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲವೆನ್ನಿಸಿತು. ಆಟ ಆಡುವವರಿಗಿಂತಲೂ ಅದನ್ನು ನೋಡಲು ಬರುವವರ ಮೇಲೆಯೇ ಕಣ್ಣಿಟ್ಟು ಕಟ್ಟಿದ ಕಟ್ಟಡ ಅದು.

ಕಟ್ಟಿಸಲು ಹೊರಟವನು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್. 1858ರ ಜನವರಿಯಲ್ಲಿ, ಇದಕ್ಕೂ ಮೊದಲಿದ್ದ ಬೇರೊಂದು ಒಪೆರಾ ಭವನದ ಬಾಗಿಲಲ್ಲೇ ಅವನ ಸಾರೋಟಿನ ಮೇಲೆ ಬಾಂಬು ಎಸೆದರು. ಹಲವರು ಸತ್ತರು, ಚಕ್ರವರ್ತಿ ಉಳಿದುಕೊಂಡ. ಹೊಸ ಭವನ ಕಟ್ಟುವಾಗ ಅವನು ಬೀದಿಯಲ್ಲಿ ಇಳಿಯದೆ ಸಾರೋಟಿನಲ್ಲಿ ಕುಳಿತೇ ಮೇಲಕ್ಕೆ ಬರಲೆಂದು ಪಶ್ಚಿಮದ ಪಕ್ಕದಲ್ಲಿ ಬಾಗಿದ ಇಳಿಜಾರು ದಾರಿಯನ್ನೇ ಮಾಡಿದರು. ಸ್ಪರ್ಧೆಯಲ್ಲಿ ಗೆದ್ದು 1861ರಲ್ಲಿ ಕೆಲಸ ಹಿಡಿದ ಚಾರ್ಲ್ಸ್ ಗಾರ್ನಿಯೇ ಎಂಬ ಯುವ ವಾಸ್ತುಶಿಲ್ಪಿಗೆ ಅಡಿಪಾಯ ತೋಡಿದಲ್ಲೆಲ್ಲ ನೀರು ಸಿಕ್ಕಿತು. ಆಮೇಲೆ ಪ್ರಷ್ಯದೊಡನೆ ಯುದ್ಧವಾಯಿತು, ಸಾಮ್ರಾಜ್ಯ ಬಿದ್ದಿತು, ಚಕ್ರವರ್ತಿ ಇಂಗ್ಲೆಂಡಿನಲ್ಲಿ ತೀರಿಕೊಂಡ. 1875ರ ಜನವರಿ 5ರಂದು ಭವನ ತೆರೆದಾಗ ಆ ಇಳಿಜಾರಿನಲ್ಲಿ ಬರಬೇಕಾದವನೇ ಇರಲಿಲ್ಲ. ಅವನಿಗೆಂದು ಕಟ್ಟಿದ ಮಂಟಪ ಈಗ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯವಾಗಿದೆ. ನಮ್ಮಂಥ ಪ್ರವಾಸಿಗರನ್ನು ಒಳಕ್ಕೆ ಬಿಡುವುದೂ ಕಟ್ಟಡದ ಅದೇ ಪಕ್ಕದಿಂದ.

ಒಳಗೆ ಹೋದವರೆಲ್ಲ ಬಂದು ಸೇರುವುದು ದೊಡ್ಡ ಮೆಟ್ಟಿಲಿನ ಬುಡಕ್ಕೆ. ಬಿಳಿಯ ಅಮೃತಶಿಲೆಯ ಅಗಲವಾದ ಮೆಟ್ಟಿಲುಗಳು ಸ್ವಲ್ಪ ದೂರ ಒಂದಾಗಿ ಏರಿ, ಎಡಕ್ಕೂ ಬಲಕ್ಕೂ ಕವಲೊಡೆಯುತ್ತವೆ. ಕಟಾಂಜನಕ್ಕೆ ಕೆಂಪು, ಹಸಿರು ಶಿಲೆಗಳು. ತಲೆಯ ಮೇಲೆ ಸುಮಾರು 30 ಮೀಟರ್ ಎತ್ತರದಲ್ಲಿ ಚಿತ್ರ ಬರೆದ ಛಾವಣಿ. ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ಸುತ್ತಲಿನ ಮೊಗಸಾಲೆಗಳು. ಮೇಲಿನ ಅಂತಸ್ತಿನವರು ಅಲ್ಲಿ ಕಂಬಗಳ ನಡುವೆ ಒರಗಿ ನಿಂತು, ಯಾರು ಬಂದರು, ಯಾರ ಜೊತೆ ಬಂದರು, ಏನು ಉಟ್ಟುಕೊಂಡು ಬಂದರು ಎಂಬುದನ್ನೆಲ್ಲ ನಿಧಾನವಾಗಿ ನೋಡಬಹುದು. ಮದುವೆಯ ಮನೆಯಲ್ಲಿ ಧಾರೆಯ ಮುಹೂರ್ತಕ್ಕಿಂತ ಬಂದವರ ಸೀರೆ ಒಡವೆಗಳ ಕಡೆಗೇ ಹೆಚ್ಚು ಕಣ್ಣು ಹೋಗುವುದನ್ನು ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ನಿಂತಿದ್ದಾಗ ಒಬ್ಬ ಹೆಂಗಸು ತನ್ನ ಮಳೆಯಂಗಿಯನ್ನೂ ಬೆನ್ನಚೀಲವನ್ನೂ ಗಂಡನ ಕೈಗೆ ದಾಟಿಸಿ, ಹತ್ತಾರು ಮೆಟ್ಟಿಲು ಏರಿ, ಕಟಾಂಜನದ ಮೇಲೆ ಬೆರಳ ತುದಿಯನ್ನಷ್ಟೇ ಊರಿ, ಮುಖವನ್ನು ಅರ್ಧ ತಿರುಗಿಸಿ ನಿಂತಳು. ಕಂಕುಳಲ್ಲಿ ಚೀಲ, ಹೆಗಲ ಮೇಲೆ ಅಂಗಿ, ಕೈಯಲ್ಲಿ ಫೋನು ಹಿಡಿದ ಗಂಡ ಕೆಳಗೆ ಹಿಂದೆ ಮುಂದೆ ಸರಿಯುತ್ತ, ಅಡ್ಡ ಬಂದವರಿಗೆ ಕ್ಷಮೆ ಕೇಳುತ್ತ ಪಟ ತೆಗೆದ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ, ಮತ್ತೆ ತೆಗೆದ. ಇಂಥವರನ್ನು ಕಂಡು ಮೂಗು ಮುರಿಯುವ ಗಂಭೀರ ಪ್ರವಾಸಿಗರು ಅಲ್ಲಿ ಬೇಕಾದಷ್ಟಿದ್ದರು. ನನಗಾದರೋ, ಆ ಮೆಟ್ಟಿಲನ್ನು ಅದರ ಉದ್ದೇಶಕ್ಕೆ ಸರಿಯಾಗಿ ಬಳಸಿದವಳು ಅವಳೊಬ್ಬಳೇ ಎನ್ನಿಸಿತು.

ಪ್ರೇಕ್ಷಾಗೃಹದ ಕಥೆಯೂ ಇದೇ. ಕುದುರೆಲಾಳದ ಆಕಾರದ, ಕೆಂಪು ಮಕಮಲ್ಲು ಮತ್ತು ಚಿನ್ನದ ಬಣ್ಣದ ಆ ಸಭಾಂಗಣದಲ್ಲಿ ಸುಮಾರು 1,900 ಜನ ಕೂರಬಹುದು. ಕೆಲವೇ ಜನ ಕೂರಲೆಂದು ಬೇರ್ಪಡಿಸಿದ ಪಕ್ಕದ ಬಾಕ್ಸೊಂದರಲ್ಲಿ ನಿಂತು ನೋಡಿದರೆ ರಂಗ ಓರೆಯಾಗಿ, ಅರ್ಧಂಬರ್ಧ ಕಾಣುತ್ತದೆ. ಎದುರು ಬಾಕ್ಸಿನ ಕುರ್ಚಿಗಳು ಮಾತ್ರ ನೇರವಾಗಿ, ಸ್ಪಷ್ಟವಾಗಿ ಕಾಣುತ್ತವೆ. ಆಟ ನಡೆಯುವಾಗ ಸಭಾಂಗಣವನ್ನು ಕತ್ತಲು ಮಾಡುವ ಪದ್ಧತಿ ಇನ್ನೂ ಬೇರೂರದ ಕಾಲದಲ್ಲಿ, ಮುಂಗಡ ಚಂದಾ ಕೊಟ್ಟು ಈ ಬಾಕ್ಸುಗಳನ್ನು ಹಿಡಿದವರು ತಮ್ಮ ದುರ್ಬೀನುಗಳನ್ನು ಯಾವ ಕಡೆಗೆ ತಿರುಗಿಸುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಮೇಲೆ ಏಳು ಟನ್ ತೂಕದ ದೀಪದ ಗೊಂಚಲು. 1896ರಲ್ಲಿ ಅದನ್ನು ಸರಿದೂಗಿಸಲು ಕಟ್ಟಿದ್ದ ಪ್ರತಿಭಾರಗಳಲ್ಲೊಂದು ಕಳಚಿ ಬಿದ್ದು ಒಬ್ಬ ಹೆಂಗಸು ಸತ್ತಳು. ಗೊಂಚಲಿನ ಸುತ್ತ ಮಾರ್ಕ್ ಶಗಾಲ್ ಚಿತ್ರಿಸಿದ, 1964ರಲ್ಲಿ ಅನಾವರಣಗೊಂಡ ಛಾವಣಿಯಿದೆ. ಹಳೆಯ ಚಿತ್ರವನ್ನು ಅಳಿಸದೆ, ಅದರ ಕೆಳಗೆ ಇದನ್ನು ಜೋಡಿಸಿದ್ದಾರೆ. ಅಷ್ಟೊಂದು ಚಿನ್ನದ ಬಿಗುವಿನ ನಡುವೆ ಅವನ ನೀಲಿ ಹಳದಿಗಳು ಹೊಂದುವುದಿಲ್ಲವೆಂದು ದೂರುವವರಿದ್ದಾರೆ. ಹೊಂದುವುದಿಲ್ಲ, ನಿಜ, ಆದರೆ ಆ ಸಭಾಂಗಣದಲ್ಲಿ ಉಸಿರಾಡಲು ಬಿಡುವ ಜಾಗ ಅದೊಂದೇ.

54 ಮೀಟರ್ ಉದ್ದದ ದೊಡ್ಡ ಪಡಸಾಲೆಯನ್ನು ಕಟ್ಟಿದ್ದು ಬಿಡುವಿನಲ್ಲಿ ಅತ್ತಿಂದಿತ್ತ ತಿರುಗಾಡಲಿಕ್ಕೆ. ಕಿಟಕಿಗಳಿಗೆ ಎದುರಾಗಿ ಕನ್ನಡಿಗಳಿರುವುದರಿಂದ, ನೋಡುವವರು ಯಾರೂ ಸಿಗದಿದ್ದರೆ ತಮ್ಮನ್ನು ತಾವೇ ನೋಡಿಕೊಳ್ಳುವ ಅನುಕೂಲವೂ ಇದೆ.

ಇಷ್ಟೆಲ್ಲ ಮಾಡಿಕೊಟ್ಟ ಗಾರ್ನಿಯೇ ಮಾತ್ರ ಉದ್ಘಾಟನೆಯ ರಾತ್ರಿ ತನ್ನ ಬಾಕ್ಸಿಗೆ ತಾನೇ ಹಣ ತೆರಬೇಕಾಯಿತೆಂಬ ಮಾತಿದೆ. ಹೊಸ ಸರ್ಕಾರಕ್ಕೆ ಹಳೆಯ ಚಕ್ರವರ್ತಿಯ ವಾಸ್ತುಶಿಲ್ಪಿಯ ಮೇಲೆ ಅಂಥ ಪ್ರೀತಿಯಿರಲಿಲ್ಲ. ಅವನು ಅದಕ್ಕೆ ಮೊದಲೇ ತನ್ನ ಏರ್ಪಾಟು ಮಾಡಿಕೊಂಡಿದ್ದ. ಚಂದಾದಾರರು ಸಾರೋಟಿನಿಂದಿಳಿದು ಒಳಬರುತ್ತಿದ್ದ ದುಂಡು ಮಂಟಪದ ಛಾವಣಿಯಲ್ಲಿ, ಬಳ್ಳಿಯ ನಕ್ಷೆಯೆಂದು ತೋರುವ ಕೆತ್ತನೆಯೊಳಗೆ, ಅವನ ಪೂರ್ತಿ ಹೆಸರೂ 1861, 1875 ಎಂಬ ಇಸವಿಗಳೂ ಹೆಣೆದುಕೊಂಡಿವೆ. ಅಲ್ಲಿ ಕತ್ತೆತ್ತಿ ನಿಂತು ಒಂದೊಂದೇ ಅಕ್ಷರವನ್ನು ಬಿಡಿಸಿಕೊಳ್ಳುತ್ತಿದ್ದ ನನ್ನನ್ನು ನೋಡಿ, ಹೊರಗೆ ಹೊರಟಿದ್ದ ನಾಲ್ಕಾರು ಮಂದಿ ಏನೆಂದು ತಿಳಿಯದೆಯೇ ತಾವೂ ಕತ್ತೆತ್ತಿದರು.