ಗುಂಟೆಗೆ 250 ರೂಪಾಯಿ

2020ರಲ್ಲಿ ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ. ಕೊರೋನಾ ಅಂತ ದೇಶಕ್ಕೆಲ್ಲ ಬೀಗ ಬಿದ್ದಿದ್ದೂ ಅವತ್ತೇ. ಚಿಕ್ಕಬಳ್ಳಾಪುರದ ಕಡೆ ಹೂವಿನವರು ಹಬ್ಬದ ಹೊತ್ತಿಗೆ ಕೈಗೆ ಬರಲಿ ಅಂತ ಲೆಕ್ಕ ಹಾಕಿಯೇ ಸಸಿ ನೆಟ್ಟಿರುತ್ತಾರೆ. ಹಬ್ಬ ಮುಗಿದರೆ ಮದುವೆ, ಮದುವೆಗಳ ಮಧ್ಯೆ ಜಾತ್ರೆ. ಆ ವರ್ಷ ಮೂರೂ ಇಲ್ಲ.

ನಮ್ಮ ಚಿಕ್ಕಪ್ಪ ಒಂದೂವರೆ ಎಕರೆಗೆ ಸೇವಂತಿಗೆ ಹಾಕಿದ್ದರು. ಮಾರಕ್ಕಾಗದಿದ್ದರೆ ಗಿಡದಲ್ಲೇ ಬಿಟ್ಟರಾಯಿತು ಅಂತ ಬೆಂಗಳೂರಿನ ಸ್ನೇಹಿತನೊಬ್ಬ ಸಲಹೆ ಕೊಟ್ಟಿದ್ದ. ಬಿಡುವ ಹಾಗಿಲ್ಲ. ಅರಳಿದ ಹೂ ಗಿಡದಲ್ಲೇ ಕೊಳೆತರೆ ರೋಗ ಹತ್ತುತ್ತದೆ, ಮುಂದಿನ ಮೊಗ್ಗೂ ಹೋಗುತ್ತದೆ. ಆಳಿಗೆ 250 ರೂಪಾಯಿ ಕೂಲಿ ಕೊಟ್ಟು ಹೂ ಬಿಡಿಸಬೇಕು, ಆಮೇಲೆ ತಿಪ್ಪೆಗೆ ಸುರಿಯಬೇಕು. ಮೂರು ಸಲ ಹಾಗೆ ಮಾಡಿದರು. ನಾಲ್ಕನೇ ಸಲ ಟ್ರ್ಯಾಕ್ಟರ್ ಕರೆಸಿ, ಗಿಡ ಸಮೇತ ಮಣ್ಣಿಗೆ ಸೇರಲಿ ಅಂತ ರೋಟವೇಟರ್ ಹೊಡೆಸಿಬಿಟ್ಟರು. ಚಿಕ್ಕಮ್ಮ ಅವತ್ತು ಹೊಲದ ಕಡೆ ಬರಲೇ ಇಲ್ಲ.

ಮೇ 6ಕ್ಕೆ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಹೇಳಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಹೆಚ್ಚೆಂದರೆ ಒಂದು ಹೆಕ್ಟೇರಿಗೆ. ಟಿವಿಯಲ್ಲಿ ಕೇಳಲು ಚೆನ್ನಾಗಿಯೇ ಇತ್ತು. ನಮ್ಮಲ್ಲಿ ಹೆಕ್ಟೇರ್ ಲೆಕ್ಕದಲ್ಲಿ ಯಾರು ಮಾತಾಡುತ್ತಾರೆ ಹೇಳಿ? ಗುಂಟೆಗೆ ಇಳಿಸಿದರೆ 250 ರೂಪಾಯಿ. ಹೂ ಬಿಡಿಸಿ ತಿಪ್ಪೆಗೆ ಹಾಕಿದ ಒಬ್ಬ ಆಳಿನ ಒಂದು ದಿನದ ಕೂಲಿ.

ಇರಲಿ. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋದವರಿಗೆ 5,000, ಆಮೇಲೆ ಮೆಕ್ಕೆಜೋಳದವರಿಗೂ 5,000 ಅಂತ ಎಲ್ಲರಿಗೂ ಒಂದಿಷ್ಟು ಹಂಚಿದರು. ಸಾಲದು ಅಂತ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆ ದುಡ್ಡು ಯಾರ ಖಾತೆಗೆ ಹೋಯಿತು ಅನ್ನೋದೇ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಆ ಒಂದೂವರೆ ಎಕರೆ ಚಿಕ್ಕಪ್ಪನದಲ್ಲ, ಗುತ್ತಿಗೆಗೆ ಹಿಡಿದಿದ್ದು. ಪಹಣಿ ಇರುವುದು ಬೆಂಗಳೂರು ಸೇರಿ ಇಪ್ಪತ್ತು ವರ್ಷ ಆದವರ ಹೆಸರಲ್ಲಿ. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಸೇವಂತಿಗೆ ಅಂತ ಸರಿಯಾಗಿಯೇ ದಾಖಲಾಗಿತ್ತು. 15,000 ಚಿಲ್ಲರೆ ಸೀದಾ ಅವರ ಖಾತೆಗೆ ಬಿತ್ತು. ಮನುಷ್ಯ ಒಳ್ಳೆಯವರೇ. ಫೋನ್ ಮಾಡಿ, "ಯಾವುದೋ ದುಡ್ಡು ಬಂದಿದೆ ಕಣಪ್ಪ, ನಿಂದೇ ಇರಬೇಕು" ಅಂದರು. ಗುತ್ತಿಗೆ ಬಾಕಿಗೆ ಅರ್ಧ ಮುರಿದುಕೊಂಡು ಉಳಿದದ್ದು ಕಳಿಸಿದರು. ಪಕ್ಕದ ಹೊಲ ಮಾಡುತ್ತಿದ್ದವರಿಗೆ ಅಷ್ಟೂ ಸಿಗಲಿಲ್ಲ. ಅವರ ಜಮೀನಿನವರು ಫೋನೇ ಎತ್ತಲಿಲ್ಲ.

ಗುತ್ತಿಗೆ ಕರಾರು ತೋರಿಸಬಹುದಿತ್ತಲ್ವಾ ಅಂತೀರಾ? ಎಲ್ಲಿಯ ಕರಾರು! 1974ರ ಭೂಸುಧಾರಣೆ ತಿದ್ದುಪಡಿ ಬಂದಾಗಿನಿಂದ ನಮ್ಮ ರಾಜ್ಯದಲ್ಲಿ ಸೈನಿಕರಂಥ ಕೆಲವರನ್ನು ಬಿಟ್ಟರೆ ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಹಾಗಾಗಿ ಎಲ್ಲವೂ ಬಾಯಿಮಾತು. ಆ ಕಾನೂನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಉಳುವವನೇ ಹೊಲದೊಡೆಯ ಅಂತ ನಮ್ಮ ತಾತನಿಗೆ ಎರಡು ಎಕರೆ ಸಿಕ್ಕಿದ್ದೇ ಅದರಿಂದ. ಆ ಎರಡು ಎಕರೆ ನಾಲ್ಕು ಮಕ್ಕಳಿಗೆ ಹಂಚಿ ಹೋಗಿ ಚಿಕ್ಕಪ್ಪನ ಪಾಲಿಗೆ ಉಳಿದಿದ್ದು 20 ಗುಂಟೆ. ಅಷ್ಟರಲ್ಲಿ ಸಂಸಾರ ನಡೆಯಲ್ಲ ಅಂತ ಗುತ್ತಿಗೆಗೆ ಹೋದರು, ಹೋದದ್ದೇ ಸರ್ಕಾರದ ಕಣ್ಣಿಂದ ಮಾಯ. ತಮಾಷೆ ಅಂದರೆ, ಅದೇ 2020ರಲ್ಲಿ ಅದೇ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ಕಿತ್ತುಹಾಕಿ ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದರು. ಅದಕ್ಕೆ ಮಾತ್ರ ಪುರುಸೊತ್ತಿತ್ತು.

2021ರ ಎರಡನೇ ಅಲೆಗೆ ಹೆಕ್ಟೇರಿಗೆ 10,000 ಅಂದರು. ಗುಂಟೆಗೆ 100. ಅಷ್ಟು ಹೊತ್ತಿಗೆ ಚಿಕ್ಕಪ್ಪ ಕೇಳುವುದನ್ನೇ ಬಿಟ್ಟಿದ್ದರು.

ಈಗಲೂ ಅದೇ ಜಮೀನು, ಅದೇ ಬಾಯಿಮಾತು. ಹೋದ ಸಲ ಊರಿಗೆ ಹೋದಾಗ ಬೆಳೆ ಸಮೀಕ್ಷೆಯ ಹುಡುಗ ಮೊಬೈಲ್ ಹಿಡಿದು ಬಂದಿದ್ದ. ನಮ್ಮೂರ ಹುಡುಗನೇ, ಆಪ್‌ನಲ್ಲಿ ಫೋಟೋ ಹೊಡೆಯಬೇಕಿತ್ತು. ಚಿಕ್ಕಪ್ಪ ಸಾಲಿನ ಮಧ್ಯೆ ಕೂತು ಕಳೆ ಕೀಳುತ್ತಿದ್ದರು.

"ಮಾವ, ಸ್ವಲ್ಪ ಪಕ್ಕಕ್ಕೆ ಬನ್ನಿ," ಅಂದ. "ಬೆಳೆ ಮಾತ್ರ ಬರಬೇಕು."

ಚಿಕ್ಕಪ್ಪ ಕುಡುಗೋಲು ಎತ್ತಿಕೊಂಡು ಬದುವಿನ ಮೇಲೆ ಹೋಗಿ ನಿಂತರು.