ತೀರ್ಪು ಮಾಡಬೇಡಿ ಅಂದರೆ ತಪ್ಪೇ ಇಲ್ಲ ಅಂತಲ್ಲ

‘ತೀರ್ಪು ಮಾಡಬೇಡಿ ಎಂದು ಯೇಸುವೇ ಹೇಳಿದ್ದಾರೆ, ಹಾಗಾಗಿ ಸರಿ ತಪ್ಪು ಅವರವರಿಗೆ ಬಿಟ್ಟಿದ್ದು’ ಎಂದು ನಾನು ಓದಿದ ಲೇಖನವೊಂದರ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಆ ಮಾತಿರುವ ಬೈಬಲಿನ ಮತ್ತಾಯ ಪುಸ್ತಕದ 7ನೇ ಅಧ್ಯಾಯವನ್ನು ಮೊದಲ ವಚನಕ್ಕೇ ನಿಲ್ಲಿಸಬಾರದು ಅಲ್ವಾ? 5ನೇ ವಚನದವರೆಗೆ ಓದಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ, ಅಂದರೆ ಸಣ್ಣ ಕಸ, ತೆಗೆಯಲು ಚೆನ್ನಾಗಿ ಕಾಣುತ್ತದೆ ಎಂದಿದೆ. ಅಂದರೆ ರವೆ ಇರುವುದು ನಿಜ. ಅದನ್ನು ತೆಗೆಯುವ ಕೆಲಸವೂ ಇದೆ. ಆದರೆ ಮೊದಲ ಸರದಿ ನನ್ನದು.

ಬೈಬಲಿನ ಯೋಹಾನ ಪುಸ್ತಕದ 8ನೇ ಅಧ್ಯಾಯದಲ್ಲೂ ಹಾಗೆಯೇ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಒಬ್ಬ ಹೆಂಗಸನ್ನು ಯೇಸುವಿನ ಮುಂದೆ ತರುತ್ತಾರೆ. ಕಲ್ಲೆಸೆಯಬೇಕು ಎಂದವರೆಲ್ಲ ಹೋದ ಮೇಲೆ, ಆ ಹೆಂಗಸನ್ನು ಶಿಕ್ಷಿಸುವುದಿಲ್ಲ ಎಂದ ಯೇಸುವೇ ‘ಇನ್ನು ಪಾಪ ಮಾಡಬೇಡ’ ಎಂದೂ ಹೇಳಿದರು. ತಪ್ಪೇ ಇಲ್ಲದಿದ್ದರೆ ಕ್ಷಮೆಗೇನು ಕೆಲಸ?

ಲೇಖಕರ ಭಯ ಅರ್ಥವಾಗುತ್ತದೆ. ಸತ್ಯದ ಹೆಸರಿನಲ್ಲಿ ಜನರನ್ನು ಹೀಯಾಳಿಸುವವರು ನಮ್ಮ ಸಭೆಗಳಲ್ಲಿ ಜಾಸ್ತಿಯೇ ಇದ್ದಾರೆ. ಆದರೆ ನನ್ನ ಅನುಭವ ಕೇಳಿ. ಒಮ್ಮೆ ನಾನು ಸುಳ್ಳು ಹೇಳಿ ತಂಗಿಯ ಹಣ ಕಳೆದಿದ್ದೆ. ‘ಹೋಗ್ಲಿ ಬಿಡು, ನಿನ್ನ ಲೆಕ್ಕದಲ್ಲಿ ಸರಿ ಇತ್ತಲ್ಲ’ ಎಂದ ಗೆಳೆಯರಿಂದ ಸಮಾಧಾನ ಸಿಗಲಿಲ್ಲ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ‘ನೀನು ಮಾಡಿದ್ದು ತಪ್ಪು. ಬಾ, ಅವಳ ಹತ್ತಿರ ನಾನೂ ಬರ್ತೀನಿ’ ಎಂದದ್ದು ನಮ್ಮ ಅತ್ತೆ. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು.