ಮೊಟ್ಟೆಯ ಸಾಲು, ಬಾಳೆಹಣ್ಣಿನ ಸಾಲು

ಬಿಸಿಯೂಟಕ್ಕೆ ಕೂರಿಸುವಾಗ ಮೊಟ್ಟೆ ತಿನ್ನುವ ಮಕ್ಕಳನ್ನು ಒಂದು ಸಾಲು, ಬಾಳೆಹಣ್ಣಿನವರನ್ನು ಇನ್ನೊಂದು ಸಾಲು ಮಾಡುವ ಪದ್ಧತಿ ನಿಲ್ಲಬೇಕು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವನಾಗಿ ಇದನ್ನು ಹೇಳುತ್ತಿದ್ದೇನೆ. ಬಡಿಸೋಕೆ ಸಲೀಸು, ಲೆಕ್ಕ ತಪ್ಪಲ್ಲ ಅಂತ ಕೆಲವು ಕಡೆ ಹೀಗೆ ಮಾಡುತ್ತಾರೆ. ಕೆಟ್ಟ ಉದ್ದೇಶ ಇರುವುದಿಲ್ಲ, ಒಪ್ಪೋಣ. ಆದರೆ ನಮ್ಮ ಹಳ್ಳಿಗಳಲ್ಲಿ ಆ ಎರಡು ಸಾಲು ನೋಡಿದವರಿಗೆ ಯಾವ ಮಗು ಯಾವ ಕೇರಿಯದು ಅಂತ ಬೇರೆ ಹೇಳಬೇಕಾಗಿಲ್ಲ. ಪಂಕ್ತಿಭೇದಕ್ಕೆ ಇನ್ನೇನು ಬೇಕು?

2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಯಾದಗಿರಿ ಕಡೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಆದ ಗಲಾಟೆ ನೆನಪಿದೆಯಲ್ವಾ? ಅಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತಲೇ ಆ ಜಿಲ್ಲೆಗಳನ್ನು ಮೊದಲು ಆರಿಸಿದ್ದು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಯಾರಿಗೂ ಬಲವಂತ ಇರಲಿಲ್ಲ. ಆದರೂ ಕೆಲವು ಮಠಾಧೀಶರು ಬೇಡವೇ ಬೇಡ ಅಂದರು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ರಾಜ್ಯದ ಎಲ್ಲ ಕಡೆ ವಾರಕ್ಕೆ 6 ದಿನ ಮೊಟ್ಟೆ ಬರುತ್ತಿದೆ. ಗಲಾಟೆ ಕಮ್ಮಿಯಾಗಿದೆ, ಗೊಣಗಾಟ ನಿಂತಿಲ್ಲ. "ತಿನ್ನೋರ ಮನೆಗೇ ಕಳಿಸಿ ಸಾರ್, ನಮ್ಮ ಮಗು ಪಕ್ಕದಲ್ಲಿ ಯಾಕೆ?" ಅಂತ ಕೇಳುವ ಪೋಷಕರು ಈಗಲೂ ಇದ್ದಾರೆ.

ಅವರ ಮನೆಯ ಆಚಾರದ ಬಗ್ಗೆ ನನಗೆ ತಕರಾರಿಲ್ಲ. ಮಗುವಿನ ತಟ್ಟೆಗೆ ಮೊಟ್ಟೆ ಬೀಳದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಪಕ್ಕದ ತಟ್ಟೆಯಲ್ಲೂ ಬೀಳಬಾರದು ಅಂದರೆ ಒಪ್ಪಲ್ಲ. ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಉಣ್ಣುತ್ತಾರೆ. ಅಲ್ಲಿ ಯಾರೂ ಮೊಟ್ಟೆ ಕೇಳುವುದಿಲ್ಲ, ಕೇಳಬಾರದು ಕೂಡ. ಅದು ಮಠದ ದಾಸೋಹ. ಸರ್ಕಾರಿ ಶಾಲೆ ಹಾಗಲ್ಲ. ಅಲ್ಲಿ ಒಂದು ಮನೆಯ ಆಚಾರ ಎಲ್ಲ ಮಕ್ಕಳ ನಿಯಮ ಆಗೋಕೆ ಬರಲ್ಲ.

ಬಿಸಿಯೂಟದ ಹಿಂದೆ ಒಂದು ದೊಡ್ಡ ಕಥೆಯಿದೆ, ಸಿಬ್ಬಂದಿಯಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶ ಮಾಡಿತು. 2004ರ ಏಪ್ರಿಲ್‌ನಲ್ಲಿ ಇನ್ನೊಂದು ಆದೇಶ ಬಂತು: ಅಡುಗೆಯವರನ್ನು, ಸಹಾಯಕರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ. ಊಟದ ಜೊತೆ ಅಡುಗೆಮನೆಯ ಬಾಗಿಲನ್ನೂ ತೆಗೆಸಿದ ಆದೇಶ ಅದು. ದಲಿತ ಮಹಿಳೆ ಅಡುಗೆ ಮಾಡುತ್ತಾರೆ ಅಂತ ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ 2025ರಲ್ಲೂ ಚಾಮರಾಜನಗರ ಜಿಲ್ಲೆಯಿಂದ ಬಂತು. ಈ ಸ್ಥಿತಿಯಲ್ಲಿ ನಾವೇ ಎರಡು ಸಾಲು ಮಾಡಿಕೊಟ್ಟರೆ ಹೇಗೆ?

ಹಾಗಾದರೆ ಹೇಗೆ ಕೂರಿಸಬೇಕು? ಬಂದ ಹಾಗೆ ಕೂರಲಿ. ಸಾರು ಬಡಿಸಿದ ಮೇಲೆ ಒಬ್ಬರು ಮೊಟ್ಟೆ ಪಾತ್ರೆ, ಇನ್ನೊಬ್ಬರು ಬಾಳೆಹಣ್ಣಿನ ಬುಟ್ಟಿ ಹಿಡಿದು ಒಟ್ಟಿಗೇ ಬಂದರೆ ಸಾಕು. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಯಾರಿಗೆ ಏನು ಅಂತ ಪೋಷಕರಿಂದ ವರ್ಷದ ಮೊದಲೇ ಕೇಳಿಕೊಂಡಿರಿ, ತರಗತಿಯಲ್ಲಿ ಕೈ ಎತ್ತಿಸಬೇಡಿ. "ನೀನು ತಿಂತೀಯಾ?" ಅಂತ ಎಲ್ಲರೆದುರು ಕೇಳುವುದು ಜಾತಿ ಕೇಳಿದ ಹಾಗೇ ಆಗುತ್ತದೆ.

ನಿಜವಾದ ಕಷ್ಟ ಬರುವುದು ಪಟ್ಟಿಯಲ್ಲಿ ಬಾಳೆಹಣ್ಣು ಅಂತಿದ್ದ ಹುಡುಗ "ನಂಗೂ ಮೊಟ್ಟೆ ಬೇಕು" ಅಂದಾಗ. ನಾನು ಕೊಡುವುದಿಲ್ಲ. ಮನೆಯಲ್ಲಿ ಕೇಳಿಕೊಂಡು ಬಾ ಅನ್ನುತ್ತೇನೆ. ಕೆಲವು ಗೆಳೆಯರಿಗೆ ಇದು ಹೇಡಿತನ ಅನ್ನಿಸುತ್ತದೆ. ಅನ್ನಿಸಲಿ. ಎಂಟು ವರ್ಷದ ಮಗುವನ್ನು ಅಪ್ಪ ಅಮ್ಮನ ಮುಂದೆ ಸುಳ್ಳು ಹೇಳುವ ಸ್ಥಿತಿಗೆ ತಂದು ನಾನು ಕ್ರಾಂತಿ ಮಾಡಬೇಕಾಗಿಲ್ಲ. ಹೈಸ್ಕೂಲಿನ ಮಕ್ಕಳ ವಿಷಯ ಬೇರೆ, ಅವರು ಹೇಗೂ ನಮ್ಮನ್ನು ಕೇಳುವುದಿಲ್ಲ ಬಿಡಿ!

ಇನ್ನು ದುಡ್ಡಿನ ಮಾತು. ಒಂದು ಮೊಟ್ಟೆಗೆ ಕೊಡುವ 6 ರೂಪಾಯಿಯಲ್ಲೇ ಬೇಯಿಸುವ, ಸುಲಿಯುವ ಖರ್ಚೂ ಸೇರಿದೆ. ಪೇಟೆಯಲ್ಲಿ ದರ ಏರಿದಾಗ ಮೊಟ್ಟೆಗೇ ಅದು ಸಾಲದು, ಹೆಡ್‌ಮಾಸ್ಟರ್ ಜೇಬಿಗೆ ಕೈ ಹಾಕುತ್ತಾರೆ. ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಸಲ ಎರಡು ವಿಷಯ ಎತ್ತಿ: ದರ ಹೆಚ್ಚಿಸಿ ಅಂತ ಇಲಾಖೆಗೆ ಮನವಿ ಬರೆಯೋಣ, ಊಟಕ್ಕೆ ಒಂದೇ ಸಾಲು ಮಾಡೋಣ. ಎರಡನೆಯದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.